ಹದಿನಾರರ ನಂತರ ಹದಿನೇಳು

ರಾಯದುರ್ಗದ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಬೆಳಗಿನ ಪ್ರಾರ್ಥನೆಯಲ್ಲಿ ಪತ್ರಿಕೆಯ ಸುದ್ದಿ ಓದುವ ಸರದಿ ಹಾಜರಿ ಪುಸ್ತಕದ ನಂಬರಿನ ಪ್ರಕಾರವೇ ನಡೆಯುತ್ತಿತ್ತು. ಜಾಣರು ಓದಲಿ, ಉಳಿದವರು ಕೇಳಲಿ ಎನ್ನುವ ಪದ್ಧತಿ ನನಗೆ ಆಗದು. ತೊದಲುವವನೂ ಓದಬೇಕು, ಮನೆಯಲ್ಲಿ ತೆಲುಗು ಮಾತಾಡುವವಳೂ ಓದಬೇಕು. ಪಟ್ಟಿಯನ್ನು ನಾನೇ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಆ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

ಒಂದು ಮಧ್ಯಾಹ್ನ ಆರನೇ ತರಗತಿಯ ಹುಡುಗಿಯೊಬ್ಬಳ ತಾಯಿ ಬಂದರು. ಮನೆಯಲ್ಲೇ ಜೀನ್ಸ್ ಪ್ಯಾಂಟ್ ಹೊಲಿಯುವವರು. ಸೆರಗಿಗೆ ನೀಲಿ ದಾರದ ತುಣುಕುಗಳು ಅಂಟಿದ್ದವು. ಮಗಳಿಗೆ ಎಡಗಾಲಿನಲ್ಲಿ ಬಲವಿಲ್ಲ, ಊರುಗೋಲು ಹಿಡಿದು ನಡೆಯುತ್ತಿದ್ದಳು. ತಾಯಿ ಟಿ.ಸಿ.ಗೆ ಅರ್ಜಿ ತಂದು ಮೇಜಿನ ಮೇಲಿಟ್ಟರು.

“ಯಾವ ಶಾಲಿಗೆ ಸೇರಿಸ್ತೀರಮ್ಮಾ?” ಎಂದೆ.

“ಯಾವುದಕ್ಕೂ ಇಲ್ರಿ ಸಾರ್. ಎಲ್ಲಾರೂ ಪ್ರೇಯರ್‌ಗೆ ಹೋದ್ರ ಇಕಿ ಒಳಗ ಕುಂತು ಚೀಲ ಕಾಯ್ತಾಳಂತ. ಕಾಯೋದ ಆದ್ರ ನಮ್ಮನ್ಯಾಗ ಪ್ಯಾಂಟಿನ ಗಂಟು ಅದಾವ್ರಿ. ಅವನ್ನ ಕಾಯ್ಕಂತ ದಾರನಾದ್ರೂ ಕತ್ತರಿಸ್ತಾಳ.”

ಚೀಲ ಕಾಯಲು ಹೇಳಿದವನು ನಾನೇ. ಬಿಸಿಲಲ್ಲಿ ನಿಲ್ಲುವುದು ಬೇಡ, ವೇದಿಕೆಯ ಮೂರು ಮೆಟ್ಟಿಲು ಹತ್ತುವುದು ಬೇಡ ಎಂದು ಕನಿಕರದಿಂದ ಮಾಡಿದ ಏರ್ಪಾಡು. ಹುಡುಗಿಯನ್ನು ಕರೆಸಿದೆ.

“ಶಾಲಿ ಯಾಕ ಬ್ಯಾಡವಾ ನಿನಗ?”

ಅವಳು ನೆಲ ನೋಡಲಿಲ್ಲ, ಗೋಡೆಯ ಪಟ್ಟಿ ನೋಡಿದಳು. “ನನ್ನ ನಂಬರ್ ಹದಿನೇಳು ಸಾರ್. ಲೆಕ್ಕದ ಸಾರ್ ನೀವು. ಹದಿನಾರು ಆದ ಮ್ಯಾಲ ಹದಿನೆಂಟು ಬರ್ತೈತೇನ್ರಿ?”

ಆ ವಾರ ಆರನೇ ತರಗತಿಯ ಸರದಿ: ಸೋಮವಾರಕ್ಕೆ ಹದಿನಾರು, ಅಂದಿನ ಮಂಗಳವಾರಕ್ಕೆ ಹದಿನೆಂಟು. ಅಕ್ಷರ ನನ್ನದೇ. ಬರೆಯುವಾಗ ಕೈ ತಡೆದದ್ದೂ ನೆನಪಿಲ್ಲ. ತಾಯಿಗೆ, “ನಾಳೆ ಒಂದಿನ ಬಂದು ನೋಡ್ರಿ. ಆಮೇಲೂ ಬೇಕಂದ್ರ ಬರೆದುಕೊಡ್ತೀನಿ” ಎಂದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಅರ್ಜಿಯನ್ನು ಅಲ್ಲೇ ಬಿಟ್ಟು ಹೊರಟರು.

ಉಳಿದದ್ದು ಮೆಟ್ಟಿಲಿನ ಪ್ರಶ್ನೆ. ಇಬ್ಬರು ಹುಡುಗಿಯರು ಅವಳನ್ನು ಹಿಡಿದು ಹತ್ತಿಸಲಿ ಎಂದು ನಾನು ಯೋಚಿಸುತ್ತಿದ್ದೆ. ಮಡಕಶಿರಾ ಕಡೆಯ ಸಹಶಿಕ್ಷಕಿ ನಕ್ಕುಬಿಟ್ಟರು. “ಎಲ್ರೂ ಕೆಳಗೇ ನಿಂತು ಓದ್ಲಿ ಬಿಡಿ ಸಾರ್. ಮೆಟ್ಲೇನು ಸುದ್ದಿ ಓದ್ತೈತಾ?”

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ.

ಮರುದಿನ ಅವಳು ಸಾಲಿನಿಂದ ಮುಂದೆ ಬರಲು ಸಮಯ ಹಿಡಿಯಿತು. ನಾನು ಗಡಿಯಾರ ನೋಡಿದೆ, ಆಮೇಲೆ ನೋಡುವುದನ್ನು ಬಿಟ್ಟೆ. ತಾಯಿ ಗೇಟಿನ ಹೊರಗೇ ನಿಂತಿದ್ದರು. ಬೊಮ್ಮನಹಾಳ್ ಕಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ. ಎರಡು ಸಾಲು ಓದುವಷ್ಟರಲ್ಲಿ ಹಿಂದಿನಿಂದ ಏಳನೇ ತರಗತಿಯವರ ಕೂಗು: “ಕೇಳಸವಲ್ದು, ಜೋರಾಗಿ ಓದಬೇ!”

ನಾನು ಅತ್ತ ತಿರುಗಿದೆ. ಗದರಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ತಲೆಯೆತ್ತಿ, “ನಿಮ್ಮ ಗದ್ದಲ ನಿಲ್ಲಸ್ರಲೇ, ಕೇಳಸ್ತೈತಿ!” ಎಂದಳು. ಅಂಗಳವೆಲ್ಲ ನಕ್ಕಿತು, ಅವಳೂ ನಕ್ಕಳು. ಹಿಂದಿನ ದಿನ ಹದಿನೆಂಟನೆಯವನಿಗೂ ಹೀಗೆಯೇ ಕೂಗಿದ್ದರು. ಅದನ್ನು ನೆನೆದು ನನ್ನ ಜೀವ ಹಗುರವಾಯಿತು. ಅವಳು ಮತ್ತೆ ಮೊದಲಿನಿಂದ, ಜೋರಾಗಿ ಓದಿದಳು.

ಮೊದಲ ಪೀರಿಯಡ್ ತಡವಾಗಿ ಶುರುವಾಯಿತು. ತಾಯಿ ಆಫೀಸಿನ ಬಾಗಿಲಿಗೆ ಬಂದು ಕೈ ಚಾಚಿದರು.

“ಆ ಅರ್ಜಿ ಕೊಡ್ರಿ ಸಾರ್.”

ಕೊಟ್ಟೆ. ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಮಿಷನ್ ಮ್ಯಾಲ ಬಟ್ಟಿ ಹಂಗ ಬಿಟ್ಟು ಬಂದೀನ್ರಿ” ಎಂದು ಸರಸರ ನಡೆದೇಬಿಟ್ಟರು.