ಅತ್ತೆಯ ಹರಕೆ, ಬುಧವಾರದ ಕೈಮಾ

ನಮ್ಮತ್ತೆ ಮಾಂಸ ಬಿಟ್ಟು ನಾಲ್ಕೈದು ವರ್ಷವಾಗಿತ್ತು. ಹರಕೆಯಂತೆ. ಯಾವುದಕ್ಕೆ ಎಂದು ಕೇಳಿದರೆ, "ದ್ಯಾವ್ರ ಇಚಾರ ಬಾಯ್ಬಿಡಬಾರ್ದು ಕಣಮ್ಮ" ಎನ್ನುತ್ತಿದ್ದರು. ಭಾನುವಾರ ಮನೆಯೆಲ್ಲ ಬಾಡಿನ ಸಾರಿನ ಘಮ. ಅತ್ತೆಯ ಮುದ್ದೆಗೆ ಮಾತ್ರ ಬೇಳೆ ಸಾರು. ಇಂಥ ಭಕ್ತಿ ಎಲ್ಲರಿಗೂ ಬರುತ್ತದೆಯೇ ಎಂದು ಹಿಂದೂಪುರದ ನಮ್ಮ ಬೀದಿಯಲ್ಲೆಲ್ಲ ಹೊಗಳಿಕೊಂಡು ಓಡಾಡಿದ್ದೇ ಬಂತು.

ಮೊನ್ನೆ ಬುಧವಾರ ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅತ್ತೆಯ ತಂಗಿ ಕಲ್ಯಾಣದುರ್ಗದ ಬಸ್ಸಿಳಿದು ಬಂದು ಕೂತಿದ್ದರು. ನೆಂಟರು ಬಂದ ದಿನ ಬೇಳೆ ಸಾರು ಬಡಿಸುವುದೇ? ಆದರೆ ಚಿಕ್ಕತ್ತೆಯ ಬಾಯಲ್ಲಿ ಹಲ್ಲಿಲ್ಲ. ಯಜಮಾನರನ್ನು ಅಂಗಡಿಗೆ ಓಡಿಸಿ ಕೈಮಾ ಹೊಡೆಸಿ ತರಿಸಿದೆ.

ಸೀಮೆಎಣ್ಣೆ ಸ್ಟವ್ ಹಚ್ಚಿದೆ. ಕೈಮಾಗೆ ಹುರಿಗಡಲೆ ಪುಡಿ, ಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ಹಾಕಿ ಕಲಸಿದೆ. ಉಂಡೆ ಕಟ್ಟುತ್ತಾ ಕೂರಲು ಪುರುಸೊತ್ತೆಲ್ಲಿ? ಎಲ್ಲವನ್ನೂ ಒಂದೇ ದಿಂಡು ಮಾಡಿ, ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಬಿಲ್ಲೆ ಬಿಲ್ಲೆಯಾಗಿ ಕುಯ್ದು ಸಾರಿಗೆ ಬಿಟ್ಟೆ. (ಅಷ್ಟೇ. ಇದಕ್ಕಿಂತ ಸುಲಭದ ಬಾಡಿನ ಅಡುಗೆ ನನಗೆ ಗೊತ್ತಿಲ್ಲ. ಈ ಮಾತು ನೆನಪಿರಲಿ.)

ಚಿಕ್ಕತ್ತೆ ಒಂದು ಬಿಲ್ಲೆ ಬಾಯಿಗಿಟ್ಟು ಅಕ್ಕನ ತಟ್ಟೆ ನೋಡಿದರು.

"ನಿಂಗ್ಯಾಕಿಲ್ಲ?"

"ಹರಕೆ ಐತೆ."

"ಹರಕೆನಾ? ನಾಕು ತೆಲೀದಾ ಅಕ್ಕಾ?" (ನನಗೆ ಗೊತ್ತಿಲ್ಲವಾ ಎಂದು. ಸಿಟ್ಟು ಬಂದರೆ ಅವರ ಬಾಯಿಗೆ ತೆಲುಗೇ ಬರುವುದು.) ಆಮೇಲೆ ನನ್ನ ಕಡೆ ತಿರುಗಿದರು. "ಹಲ್ಲು ಉದ್ರೋದ್ಮೇಲೆ ನಾನೂ ಹಿಂಗೇ ಹರಕೆ ಅಂದಿದ್ದೆ ಕಣಮ್ಮ. ದುಡಿದು ಬರೋ ಸೊಸೆ ಹತ್ರ, ನಂಗೊಬ್ಬಳಿಗೆ ಬ್ಯಾರೆ ಮೆತ್ತಗೆ ಮಾಡ್ಕೊಡು ಅನ್ನಕ್ಕೆ ಬಾಯಿ ಬರ್ಬೇಕಲ್ಲ?"

ಅತ್ತೆ ತಲೆ ಎತ್ತಲಿಲ್ಲ. ಮುದ್ದೆಯ ಚೂರನ್ನು ಬೇಳೆ ಸಾರಿನಲ್ಲಿ ಹೊರಳಿಸುತ್ತಲೇ ಇದ್ದರು.

ಅತ್ತೆಯ ಹಲ್ಲು ಹೋದದ್ದೂ ಹರಕೆ ಬಂದದ್ದೂ ಒಂದೇ ವರ್ಷ. ದಿನಾ ಎದುರು ಕೂತು ಉಣ್ಣುವ ನಮಗೆ ಕಾಣದ್ದು ಕಲ್ಯಾಣದುರ್ಗದಿಂದ ಬಂದವರಿಗೆ ಕಂಡಿತು. ಸೌಟು ಹಿಡಿದು ಅತ್ತೆಯ ಮುಂದೆ ನಿಂತೆ. ಬೇಡ ಎಂದರೆ ಅವರ ಮಾನ ಉಳಿಯುತ್ತದೆ, ಬಾಯಿ ಒಣಗುತ್ತದೆ. ಹೂಂ ಎಂದರೆ ಇಷ್ಟು ವರ್ಷದ ಹರಕೆ ಸುಳ್ಳಾಗುತ್ತದೆ. ಪಾಪ, ಏನು ಮಾಡಿಯಾರು?

ಅತ್ತೆ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

"ಹರಕೆ ತೀರ್ತು ಕಣಮ್ಮ. ಬಡ್ಸು."

ಎರಡನೆಯ ಸಲವೂ ಬಡಿಸಿಕೊಂಡರು. ಯಜಮಾನರು ಅರ್ಧ ಊಟಕ್ಕೇ ಎದ್ದು ಕೈ ತೊಳೆಯಲು ಹೋದವರು ತುಂಬ ಹೊತ್ತು ಒಳಗೆ ಬರಲಿಲ್ಲ.

ಅಂದಹಾಗೆ, ನಿಮ್ಮ ಮನೆಯ ಹಿರಿಯರು ಯಾವ ಹರಕೆ ಹೊತ್ತಿದ್ದಾರೆ?