ಬಾಗಿಲಿಗೆ ಸಿಕ್ಕಿಸಿದ ಕೊಕ್ಕೆ

ಜೇವರ್ಗಿಯ ಅಡತಿ ಬಜಾರದಲ್ಲಿ ಹಮಾಲರ ಸಂಘ ಕಟ್ಟಿದವನು ಪೀರಪ್ಪ. ಮೊದಲು ಅವನ ಕೇರಿಯವರಿಗೆ ಒಂದು ನೀರಿನ ಕೊಡ, ಊರವರಿಗೆ ಇನ್ನೊಂದು. ಒಂದೇ ಕೊಡ ಇಡುವ ತನಕ ಯಾರೂ ಚೀಲ ಎತ್ತಬಾರದೆಂದು ಹಠ ಹಿಡಿದು ಗೆದ್ದಿದ್ದ. ಅಂದಿನಿಂದ ಅವನೂ ಕುರುಬರ ಚಂದ್ರಾಮಪ್ಪನೂ ಚೀಲ ಎತ್ತುವ ಜೋಡಿ. ಚೀಲಕ್ಕೆ ಯಾರು ತಮ್ಮ ಕಬ್ಬಿಣದ ಕೊಕ್ಕೆ ಸಿಕ್ಕಿಸಿದರೋ ಅದು ಅವರದು, ಬೇರೆಯವರು ಮುಟ್ಟುವಂತಿಲ್ಲ. ಹಮಾಲರು ಈ ಕಟ್ಟಳೆಯನ್ನು ಎಂದೂ ಮೀರುತ್ತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಪೀರಪ್ಪ ನಿಜಾಮ ಸರ್ಕಾರದ ಪಕ್ಷ ಸೇರಿದ. ಕೇರಿಯವರಿಗೆ ಭೂಮಿ ಕೊಡಿಸುತ್ತೇವೆಂದು ಅಲ್ಲಿಯವರು ಮಾತು ಕೊಟ್ಟಿದ್ದರು. ಅಂಗಿಗೆ ಹಳದಿ ಬಿಲ್ಲೆ ಚುಚ್ಚಿಕೊಂಡು ಬಂದವನನ್ನು ನೋಡಿ ಚಂದ್ರಾಮಪ್ಪ ನಕ್ಕ.

“ಏನ್ರಿ ನವಾಬಸಾಹೇಬ್ರ, ಇನ್ನ ಚೀಲ ನಾನೊಬ್ಬನ ಎತ್ತಬೇಕೇನು?”

“ನಗಬ್ಯಾಡೋ ಅಣ್ಣಾ. ನಿಮ್ಮ ಕಡಿಯವ್ರು ನಮಗ ಗೇಣು ಭೂಮಿ ಕೊಟ್ಟಾರೇನು?”

ಚಂದ್ರಾಮಪ್ಪ ಕೊಕ್ಕೆ ತೆಗೆದುಕೊಂಡು ಮುಂದಿನ ಚೀಲದತ್ತ ನಡೆದ.

ಮರುವರ್ಷ ಬೇಸಿಗೆಯಲ್ಲಿ ಚಂದ್ರಾಮಪ್ಪನ ತಮ್ಮ ನಿಜಾಮನ ಗಡಿಯಾಚೆ ಹೋಗಿ ಸರ್ಕಾರದ ವಿರೋಧಿಗಳನ್ನು ಕೂಡಿಕೊಂಡ. ಸರ್ಕಾರದ ಪರ ಬಂದೂಕು ಹಿಡಿದ ರಜಾಕಾರರು ಆ ಮನೆಗೆ ಬರುತ್ತಾರೆಂದು ಪೀರಪ್ಪನಿಗೆ ಮೊದಲೇ ತಿಳಿಯಿತು. ಚಂದ್ರಾಮಪ್ಪ ಸಂಸಾರ ಸಮೇತ ಹೊಲದಲ್ಲಿ ಅಡಗಿದ್ದ. ರಜಾಕಾರರ ಎದುರು ನಿಂತು ಬೇಡಿಕೊಳ್ಳುವ ಧೈರ್ಯವಿಲ್ಲದೆ ಪೀರಪ್ಪ ತನ್ನ ಕೊಕ್ಕೆಯನ್ನು ಆ ಬಾಗಿಲಿಗೆ ಸಿಕ್ಕಿಸಿ ಬಂದ. ಹೊರಗಿನಿಂದ ಬಂದ ಬಂದೂಕಿನವರಿಗೆ ಹಮಾಲರ ಕಟ್ಟಳೆ ಹೇಗೆ ಗೊತ್ತಿರಬೇಕು? ಅವರು ಮನೆಗೆ ಬೆಂಕಿ ಹಚ್ಚಿ ಹೋದರು. ಅಂದಿಗೆ ಜೋಡಿ ಮುರಿಯಿತು. ಕೊಕ್ಕೆ ಸಿಕ್ಕಿಸಿದ್ದನ್ನು ಪೀರಪ್ಪ ಯಾರಿಗೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಹಿಂದೂಸ್ಥಾನದ ಫೌಜು ಬಂತು. ಬಿಲ್ಲೆ ಹಾಕಿದ್ದವರನ್ನು ಜನ ಹುಡುಕಿ ಹುಡುಕಿ ಬಡಿಯತೊಡಗಿದರು. ಪೀರಪ್ಪ ಅಗಳಿ ಹಾಕಿಕೊಂಡು ಒಳಗೆ ಕುಳಿತ. ಮಧ್ಯಾಹ್ನ ಗುಂಪು ಬಂದೇ ಬಂತು.

“ಹೊರಗ ಬಾರಲೇ, ರಜಾಕಾರ!”

ಎಲ್ಲವೂ ಹಮಾಲರ ಸಂಘದವರ ದನಿಗಳೇ.

“ನಾ ಹೋಗಿ ಕಾಲು ಹಿಡೀತೇನಿ,” ಎಂದಳು ಹೆಂಡತಿ ಮಾಳಮ್ಮ.

“ಸುಮ್ಮ ಕೂಡು ಬೇ!”

ಬಾಗಿಲಿಗೆ ಕಬ್ಬಿಣ ಬಡಿಯಿತು. ಕೊಡಲಿಯೇ ಎಂದುಕೊಂಡ. ಆದರೆ ಗದ್ದಲ ಒಮ್ಮೆಗೇ ನಿಂತಿತು.

“ಕೊಕ್ಕೆ ನಂದೈತಿ,” ಎಂದಿತು ಚಂದ್ರಾಮಪ್ಪನ ದನಿ. “ಇನ್ನ ಯಾರರ ಮುಟ್ರಿ, ನೋಡೋಣು.”

“ನಿನ್ನ ಮನಿ ಸುಟ್ಟವ್ರ ಕಡಿಯಾಂವಲೇ ಇಂವ!”

“ಸುಟ್ಟ ಬಾಗಲ ಬೂದ್ಯಾಗ ಮೊನ್ನಿ ಇವನ ಕೊಕ್ಕೆ ಸಿಕ್ಕೈತಿ ನನಗ.”

ಗೊಣಗಾಟ ಕೇಳಿಸಿತು. ಆಮೇಲೆ ಒಬ್ಬೊಬ್ಬರೇ ಸರಿದುಹೋಗುವ ಸಪ್ಪಳ. ಹೊಸ್ತಿಲ ಮೇಲೆ ಯಾರೋ ಕುಳಿತರು.

“ಮಾಳವ್ವಾ, ಒಂದ್ ತಂಬಿಗಿ ನೀರು ಕೊಡವಾ.”

ಮಾಳಮ್ಮ ತಂಬಿಗೆ ತುಂಬಿ ತಂದು ಗಂಡನ ಮುಖ ನೋಡಿದಳು. ಪೀರಪ್ಪ ಅಗಳಿಗೆ ಕೈ ಹಾಕಿದ. ಎರಡು ಸಲ ಜಾರಿ, ಮೂರನೆಯ ಸಲ ಅಗಳಿ ಸರಿಯಿತು.