ಹೊಗೆ ಪೆಟ್ಟಿಗೆಗೆ ಡೈರೆಕ್ಟ್ ಕೊಟ್ಟಿದ್ದು

ರಾಮನಗರದಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುತ್ತಮುತ್ತಲ ಹಳ್ಳಿಗಳ ಬೋರ್‌ವೆಲ್ ಮೋಟರುಗಳು ಸುಟ್ಟುಕೊಂಡು ನನ್ನಲ್ಲಿಗೆ ಬರುತ್ತವೆ, ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ವಾಪಸ್ಸು ಹೋಗುತ್ತವೆ. ಮೂವತ್ತು ವರ್ಷದಿಂದ ಇದೇ ಕೆಲಸ. ಕರೆಂಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಇತ್ತು ಎಂದೇ ಬರೆಯುತ್ತಿದ್ದೇನೆ, ಏಕೆಂದರೆ ಮುಂಗಾರು ಶುರುವಾದ ದಿನಗಳಲ್ಲಿ ಒಂದು ಶನಿವಾರ ಬೆಳಿಗ್ಗೆ ಅದು ಇಳಿದುಹೋಯಿತು.

ನನಗೊಬ್ಬಳೇ ತಂಗಿ. ಮರಳವಾಡಿಯ ಹತ್ತಿರ, ರಸ್ತೆಗೆ ತಾಗಿದ ಅವರ ಜಮೀನಿನ ಮೂಲೆಯಲ್ಲಿ ಶೀಟು ಹಾಕಿಸಿ, ಶನಿವಾರ ಭಾನುವಾರ ಮಾತ್ರ ನಡೆಯುವ ಒಂದು ಊಟದ ಜಾಗ ಮಾಡಿಕೊಂಡಿದ್ದಾಳೆ. ಮುದ್ದೆ, ನಾಟಿ ಕೋಳಿ ಸಾರು, ಜೊತೆಗೆ ಹೊಗೆಯಲ್ಲಿ ಬೇಯಿಸಿದ ಇಡೀ ಕೋಳಿ. ಈ ಮೂರನೆಯದಕ್ಕೇ ಕಾರುಗಳು ನಿಲ್ಲುವುದು. ಅದಕ್ಕೊಂದು ಮೆಷೀನಿದೆ. ಕನಕಪುರ ರಸ್ತೆಯ ರೆಸಾರ್ಟೊಂದು ಬಾಗಿಲು ಹಾಕಿದಾಗ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿದ್ದು. ನೋಡಲು ಡ್ರಮ್ಮಿಗೆ ಕಬ್ಬಿಣದ ಕಾಲು ಬಂದಂತಿದೆ. ಪಕ್ಕದ ಡಬ್ಬಕ್ಕೆ ಮರದ ಹೊಟ್ಟನ್ನು ಒತ್ತಿ ಮಾಡಿದ, ದನದ ಫೀಡಿನ ಹಾಗೆ ಕಾಣುವ ಚಿಕ್ಕ ತುಂಡುಗಳನ್ನು ಸುರಿಯಬೇಕು. ಪುಟ್ಟ ಮೋಟರೊಂದು ಸ್ಕ್ರೂ ತಿರುಗಿಸಿ ಅವನ್ನು ಒಳಕ್ಕೆ ತಳ್ಳುತ್ತದೆ, ಒಂದು ರಾಡು ಕಾದು ಬೆಂಕಿ ಹತ್ತಿಸುತ್ತದೆ, ಫ್ಯಾನು ಊದುತ್ತದೆ, ಬಿಸಿ ಎಷ್ಟಿರಬೇಕೆಂಬುದನ್ನು ಬೋರ್ಡು ನೋಡಿಕೊಳ್ಳುತ್ತದೆ. ಕಂಪನಿಯವರು ಅದಕ್ಕೇನೋ ಹೆಸರಿಟ್ಟಿದ್ದಾರೆ. ನನ್ನ ತಂಗಿ ಅದನ್ನು ಹೊಗೆ ಪೆಟ್ಟಿಗೆ ಎನ್ನುತ್ತಾಳೆ, ಊರೂ ಹಾಗೇ ಕರೆಯುತ್ತದೆ.

ಆ ಗುರುವಾರ ಸಂಜೆ ಗುಡುಗು ಸಿಡಿಲಿನ ಮಳೆ ಬಂತು. ಶುಕ್ರವಾರ ಬೆಳಿಗ್ಗೆ ತಂಗಿ ಫೋನು ಮಾಡಿ, ಪೆಟ್ಟಿಗೆ ಸತ್ತುಹೋಗಿದೆ, ಸ್ವಿಚ್ಚು ಹಾಕಿದರೆ ಲೈಟೂ ಬರುತ್ತಿಲ್ಲ ಎಂದಳು. ಭಾನುವಾರ ಕನಕಪುರದ ಒಂದು ಮನೆಯ ಬೀಗರ ಊಟಕ್ಕೆ ಹೊಗೆ ಕೋಳಿ ಒಪ್ಪಿಕೊಂಡಿದ್ದಳು. ಮದುವೆಯ ನಂತರ ಬೀಗರನ್ನು ಕರೆದು ಹಾಕುವ ಬಾಡೂಟ ನಮ್ಮ ಕಡೆ ಮದುವೆಗಿಂತ ದೊಡ್ಡದು. ಮುಹೂರ್ತ ಒಂದಿಷ್ಟು ತಡವಾದರೆ ಜನ ಸಹಿಸಿಕೊಳ್ಳುತ್ತಾರೆ, ಬೀಗರ ಊಟದಲ್ಲಿ ತುಂಡು ಕಡಿಮೆಯಾದರೆ ಮೊಮ್ಮಕ್ಕಳ ಕಾಲಕ್ಕೂ ಆಡಿಕೊಳ್ಳುತ್ತಾರೆ. ಅವಳ ಧ್ವನಿಯಲ್ಲೇ ಗಾಬರಿ ಗೊತ್ತಾಗುತ್ತಿತ್ತು. ಬರುತ್ತೇನೆ ಬಿಡು, ನಾನಿಲ್ಲವಾ ಎಂದೆ.

ಮಧ್ಯಾಹ್ನ ಹೋದೆ. ಬೋರ್ಡಿನ ಮುಚ್ಚಳ ಬಿಚ್ಚಿದರೆ ಫ್ಯೂಸು ಕಪ್ಪಾಗಿತ್ತು. ಬೇರೆ ಹಾಕಿದೆ. ಸ್ವಿಚ್ಚು ಹಾಕಿದ ಕೂಡಲೇ ಗೋಡೆಯ ಮೇಲಿದ್ದ ಟ್ರಿಪ್ಪರ್ ಟಕ್ ಎಂದು ಬಿತ್ತು. ಕರೆಂಟು ಎಲ್ಲಾದರೂ ಸೋರಿದರೆ ತಾನಾಗಿ ಲೈನು ಕಡಿದುಬಿಡುವ ಸ್ವಿಚ್ಚು ಅದು. ಮೆಷೀನು ತಂದಾಗ ರೆಸಾರ್ಟಿನ ಎಲೆಕ್ಟ್ರೀಷಿಯನ್ನೇ ಅದನ್ನೂ ಕೂರಿಸಿ ಹೋಗಿದ್ದ. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಐದಾರು ಸಲ ಹೀಗೇ ಆಯಿತು. ನನಗೆ ಸಿಟ್ಟು ಬಂತು. ಸಾಮಾನಿನ ಮೇಲೆ ಸಿಟ್ಟು ಬಂದಾಗ ನಾನು ಕೆಲಸಕ್ಕೆ ಬಾರದವನಾಗುತ್ತೇನೆ, ಇದು ನನ್ನ ಹೆಂಡತಿಗೂ ಗೊತ್ತು, ಅಂಗಡಿಗೂ ಗೊತ್ತು. ಅಷ್ಟರಲ್ಲಿ ಕೂಟಗಲ್ಲಿನ ಗಿರಾಕಿಯೊಬ್ಬ, ಬೋರಿನಿಂದ ಮೋಟರು ಎತ್ತಿಸಿ ಕಾಯುತ್ತಿದ್ದವನು, ಮೂರನೆಯ ಸಲ ಫೋನು ಮಾಡಿದ್ದ.

ನಮ್ಮ ಕಡೆ ಡೈರೆಕ್ಟ್ ಕೊಡುವುದು ಎಂಬ ಮಾತಿದೆ. ಹೊಲಕ್ಕೆ ತ್ರೀ ಫೇಸ್ ಕರೆಂಟು ಬರುವುದೇ ದಿನದಲ್ಲಿ ಕೆಲವು ಗಂಟೆ. ಆ ಹೊತ್ತಿನಲ್ಲಿ ಸ್ಟಾರ್ಟರ್ ಕೈಕೊಟ್ಟರೆ ಯಾರಿಗೂ ಕಾರಣ ಹುಡುಕುವ ಪುರಸೊತ್ತಿರುವುದಿಲ್ಲ. ಡೈರೆಕ್ಟ್ ಕೊಟ್ಬುಡಣ್ಣ, ಆಮೇಲೆ ನೋಡ್ಕಳಣ ಎನ್ನುತ್ತಾರೆ. ಕಾವಲಿಗೆ ಇಟ್ಟಿದ್ದನ್ನು ದಾಟಿಸಿ ತಂತಿಯನ್ನು ನೇರವಾಗಿ ಸೇರಿಸಿಬಿಡುವುದು. ಆಮೇಲೆ ಎಂಬುದು ಬರುವುದೇ ಇಲ್ಲ. ಹೀಗೆ ಎಷ್ಟು ಮೋಟರುಗಳನ್ನು ನಡೆಸಿಕೊಟ್ಟಿದ್ದೇನೋ, ಎಷ್ಟು ಜನರಿಂದ ಭೇಷ್ ಎನಿಸಿಕೊಂಡಿದ್ದೇನೋ. ಆ ದಿನವೂ ಟ್ರಿಪ್ಪರಿನ ಎರಡು ಕಡೆಯ ತಂತಿಗಳನ್ನು ಬಿಚ್ಚಿ, ಒಂದಕ್ಕೊಂದು ಹೊಸೆದು, ಟೇಪು ಸುತ್ತಿದೆ. ಲೈಟು ಬಂತು, ಫ್ಯಾನು ತಿರುಗಿತು, ಸ್ವಲ್ಪ ಹೊತ್ತಿಗೆ ಕೊಳವೆಯಲ್ಲಿ ಹೊಗೆಯೂ ಬಂತು. ತಂಗಿಯ ಮುಖ ಅರಳಿತು. ನಾನು ಶೂ ಹಾಕಿಕೊಂಡಿದ್ದೆ, ನನ್ನ ಕೈಗೆ ಏನೂ ಗೊತ್ತಾಗಲಿಲ್ಲ. ಕಾಫಿ ಕುಡಿದು ಹೊರಟುಬಿಟ್ಟೆ.

ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿದ್ದಾಗ ಅವಳ ಫೋನು ಬಂತು. ಪೆಟ್ಟಿಗೆ ಚೆನ್ನಾಗಿ ಓಡುತ್ತಿದೆ, ಕೋಳಿ ಹಾಕಿದ್ದೇನೆ ಎಂದು ಹೇಳಿ, ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದಳು.

"ಅಣ್ಣ, ಮುಚ್ಳ ಮುಟ್ಟುದ್ರೆ ಒಸಿ ಜುಮ್ ಅಂತೈತೆ ಕಣಣ್ಣ."

"ಚಪ್ಪಲಿ ಹಾಕ್ಕಂಡು ಮುಟ್ಟವ್ವ, ಏನೂ ಆಗಕಿಲ್ಲ," ಎಂದೆ.

ಇದು ನಾನು ಎಲ್ಲರಿಗೂ ಹೇಳುವ ಮಾತು. ಸ್ಟಾರ್ಟರ್ ಡಬ್ಬ ಜುಮ್ ಎಂದರೆ ರೈತರೂ ಇದನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಪಂಪ್‌ಹೌಸಿನ ಬಾಗಿಲಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಬಿದ್ದಿದ್ದರೆ ಅದೇ ಅವರ ಪಾಲಿನ ಸೇಫ್ಟಿ.

ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ, ನಾನು ಅವರನ್ನು ಭಾಯಿ ಎನ್ನುತ್ತೇನೆ. ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುವವರು, ಇವರೊಬ್ಬರು ಅದನ್ನು ಬಿಟ್ಟು ತಾಮ್ರದ ನೂಲಿಗೆ ಬಂದವರು. ಹೆಚ್ಚು ಮಾತಾಡುವುದಿಲ್ಲ. ಫೋನಿನಲ್ಲಿ ನಾನಂದಿದ್ದನ್ನು ಕೇಳಿಸಿಕೊಂಡು, ಸುತ್ತುತ್ತಿದ್ದ ಕಾಯಿಲಿನಿಂದ ತಲೆ ಎತ್ತದೆಯೇ ಕೇಳಿದರು.

"ನಿನ್ ತಂಗಿ ಒಲೆ ಮುಂದೆ ಚಪ್ಪಲಿ ಹಾಕ್ತಾಳಾ? ನಮ್ಮನೇಲಿ ಹಾಕಕಿಲ್ಲ."

ಒಲೆ ಇರುವ ಕಡೆ ಚಪ್ಪಲಿ ಮೆಟ್ಟಿ ಹೋದರೆ ನಮ್ಮಮ್ಮ ಸೌದೆಯಲ್ಲೇ ಬಾರಿಸುತ್ತಿದ್ದಳು. ತಂಗಿಗೆ ಬಿದ್ದ ಏಟುಗಳಲ್ಲಿ ಅರ್ಧ ಅದಕ್ಕೇ. ಬಯಲಿನಲ್ಲಿದ್ದರೂ, ಕರೆಂಟಿನಿಂದ ಉರಿದರೂ, ಆ ಪೆಟ್ಟಿಗೆ ಅವಳಿಗೆ ಒಲೆಯೇ. ದಿನಾ ಬೆಳಿಗ್ಗೆ ಅದಕ್ಕೆ ಅರಿಶಿನ ಕುಂಕುಮ ಇಡುತ್ತಾಳೆ. ಅವಳು ಚಪ್ಪಲಿ ಹಾಕುವವಳಲ್ಲ. ಮಳೆ ಬಂದ ನೆಲ, ಬರಿಗಾಲು, ಕೋಳಿ ತೊಳೆದ ಒದ್ದೆ ಕೈ, ಮತ್ತು ಟೇಪು ಸುತ್ತಿ ನಾನೇ ಬಾಯಿ ಕಟ್ಟಿ ಬಂದ ಟ್ರಿಪ್ಪರ್. ಅದು ಕೆಟ್ಟು ಬೀಳುತ್ತಿರಲಿಲ್ಲ, ಸರಿಯಾಗಿದ್ದುದಕ್ಕೇ ಬೀಳುತ್ತಿತ್ತು. ಇಷ್ಟು ಹೊಳೆಯಲು ನನಗೆ ಒಂದು ದಿನ ಬೇಕಾಯಿತು.

ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಅವಳ ಗಂಡನಿಗೆ ಮಾಡಿದರೆ, ಅವರು ರೇಷ್ಮೆ ಗೂಡು ಹಾಕಿಕೊಂಡು ಇಲ್ಲೇ ರಾಮನಗರದ ಮಾರ್ಕೆಟ್ಟಿಗೆ ಬಂದಿದ್ದರು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಅವಳೊಬ್ಬಳೇ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಏನೂ ಇಲ್ಲ ಎಂದೆ. ಆ ಭಾಗದ ಲೈನ್‌ಮ್ಯಾನ್ ನನಗೆ ಪರಿಚಯ, ಲೈನಾದರೂ ತೆಗೆಸೋಣವೆಂದು ಅವನಿಗೂ ಮಾಡಿದೆ. ಮಳೆ ಬಂದ ಮಾರನೆಯ ದಿನಗಳಲ್ಲಿ ಅವನು ಯಾವ ಕಂಬದ ಮೇಲಿರುತ್ತಾನೋ, ಅವನೂ ಎತ್ತಲಿಲ್ಲ. ಭಾಯಿ ಬೈಕಿನ ಕೀಲಿ ತಂದು ಕೈಗಿಟ್ಟು, ಹೋಗು ಎಂದರು.

ರಾಮನಗರದಿಂದ ಕನಕಪುರ, ಅಲ್ಲಿಂದ ಮರಳವಾಡಿ. ಎಷ್ಟೋ ಸಲ ಓಡಾಡಿದ ದಾರಿ. ಆ ದಿನ ದಾರಿಯಲ್ಲಿ ಏನಿತ್ತೆಂದು ಕೇಳಿದರೆ ನನಗೆ ನೆನಪಿಲ್ಲ. ಕರೆಂಟು ಹಿಡಿದ ಕೈ ಬಿಡಿಸಿಕೊಳ್ಳಲಾಗುವುದಿಲ್ಲ, ಬೆರಳುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಇದು ನನಗೆ ಗೊತ್ತು. ಒಂದು ಸಲ ಒಂದು ಪಂಪ್‌ಹೌಸಿನಲ್ಲಿ ಕಣ್ಣಾರೆ ನೋಡಿದ್ದೇನೆ. ಅದನ್ನಿಲ್ಲಿ ಬರೆಯುವುದಿಲ್ಲ. ಆದರೆ ದಾರಿಯುದ್ದಕ್ಕೂ ಆ ಮನುಷ್ಯನ ಕೈ ಇದ್ದ ಜಾಗದಲ್ಲಿ ನನ್ನ ತಂಗಿಯ ಗಾಜಿನ ಬಳೆಯ ಕೈ ಕಾಣುತ್ತಿತ್ತು. ಕನಕಪುರದ ಸಿಗ್ನಲ್ಲಿನ ಹತ್ತಿರ ಗಾಡಿ ನಿಲ್ಲಿಸಿ ಮತ್ತೆ ಫೋನು ಮಾಡಿದೆ. ಮೊದಲಿನಂತೆಯೇ ರಿಂಗಾಯಿತು. ಹಿಂದಿನ ಲಾರಿಯವನು ಹಾರನ್ ಹೊಡೆದು, ಸಾಯಕ್ಕೆ ನನ್ ಗಾಡಿನೇ ಬೇಕಿತ್ತೇನ್ಲಾ ಎಂದು ಬೈದ. ಬೈಯಿಸಿಕೊಂಡಿದ್ದೇ ಒಂಥರ ವಾಸಿ ಎನಿಸಿತು.

ದೇವರಿಗೂ ಅರ್ಜಿ ಹಾಕಿದೆ. ದೊಡ್ಡಮಳೂರಿನ ಸ್ವಾಮಿಗೆ ನಾನು ವರ್ಷಗಳಿಂದ ಮುಖ ತೋರಿಸಿರಲಿಲ್ಲ. ಅವಳು ಉಳಿದರೆ ಬರುತ್ತೇನೆ ಎಂದುಕೊಂಡೆ. ಆಮೇಲೆ ನಾಚಿಕೆಯಾಯಿತು. ಟ್ರಿಪ್ಪರ್ ಕಿತ್ತವನು ನಾನು, ಕಾಯುವ ಕೆಲಸವನ್ನು ಅವನ ತಲೆಗೆ ಕಟ್ಟುತ್ತಿದ್ದೆ. ಆದರೂ ಹರಕೆ ವಾಪಸ್ಸು ತೆಗೆದುಕೊಳ್ಳಲಿಲ್ಲ.

ದೂರದಿಂದಲೇ ಶೀಟಿನ ಮೇಲೆ ಹೊಗೆ ಕಂಡಿತು. ಹೊಗೆ ಇದ್ದರೆ ಮೆಷೀನು ಓಡುತ್ತಿದೆ. ಮೆಷೀನು ಓಡುತ್ತಿದ್ದರೆ ಕರೆಂಟಿದೆ. ಅವಳಿದ್ದಾಳೋ ಇಲ್ಲವೋ ಎಂಬುದನ್ನು ಹೊಗೆ ಹೇಳುವುದಿಲ್ಲ. ಗಾಡಿಯನ್ನು ಸ್ಟ್ಯಾಂಡ್ ಕೂಡ ಹಾಕದೆ ಬೇಲಿಗೆ ಒರಗಿಸಿ ಓಡಿದೆ.

ತಂಗಿ ನಿಂತಿದ್ದಳು. ಕೆಸರಿನಲ್ಲಿ ಬರಿಗಾಲು ಊರಿಕೊಂಡು, ಸೀರೆ ಎತ್ತಿ ಕಟ್ಟಿಕೊಂಡು, ಒಂದು ಕೈಯಲ್ಲಿ ಇಕ್ಕಳ ಹಿಡಿದು ಇನ್ನೊಂದು ಕೈಯನ್ನು ಮುಚ್ಚಳದ ಹಿಡಿಗೆ ಚಾಚುತ್ತಿದ್ದಳು. ಚಪ್ಪಲಿಗಳು ಶೀಟಿನ ಆಚೆ, ಕಂಬದ ಬುಡದಲ್ಲಿ ಒಪ್ಪವಾಗಿದ್ದವು. ನೇರ ಮೀಟರ್ ಬೋರ್ಡಿಗೆ ಹೋಗಿ ಮೇನ್ ಎಳೆದುಬಿಟ್ಟೆ. ಫ್ಯಾನು ನಿಂತಿತು. ಅವಳು ತಿರುಗಿ ನೋಡಿ, ಕೋಳಿ ಅರ್ಧಂಬರ್ಧ ಬೆಂದಿವೆ, ಇದೇನು ಮಾಡಿದೆ ಎಂದು ನನ್ನನ್ನೇ ಗದರಿದಳು. ಫೋನು ಮನೆಯೊಳಗೆ ಚಾರ್ಜಿಗಿತ್ತಂತೆ. ನಾನು ಅಲ್ಲೇ ಇದ್ದ ಸೌದೆಯ ಮೇಲೆ ಕೂತೆ.

ಸುಧಾರಿಸಿಕೊಂಡ ಮೇಲೆ ಅವಳನ್ನು ದೂರ ನಿಲ್ಲಿಸಿ, ಮೇನ್ ಎತ್ತಿ, ಪೆಟ್ಟಿಗೆಯ ಮೈಗೆ ಟೆಸ್ಟರ್ ಮುಟ್ಟಿಸಿದೆ. ಅದರ ದೀಪ ಹಗಲಿನಲ್ಲೂ ಕೆಂಪಗೆ ಹೊತ್ತಿಕೊಂಡಿತು. ಮುಚ್ಚಳಕ್ಕೆ ಮುಟ್ಟಿಸಿದೆ, ಹಿಡಿಗೆ ಮುಟ್ಟಿಸಿದೆ, ಎಲ್ಲ ಕಡೆಯೂ ಹೊತ್ತಿತು. ಮೇನ್ ಇಳಿಸಿ, ಅವಳ ಮುಖ ನೋಡದೆ ಹೇಳಿದೆ: ಪೆಟ್ಟಿಗೆಯ ಒಳಗೆ ಕರೆಂಟು ಸೋರುತ್ತಿತ್ತು, ಸ್ವಿಚ್ಚು ಅದಕ್ಕೇ ಬೀಳುತ್ತಿತ್ತು, ಹುಡುಕುವ ತಾಳ್ಮೆ ಇಲ್ಲದೆ ನಾನೇ ಅದನ್ನು ಕಿತ್ತು ಡೈರೆಕ್ಟ್ ಕೊಟ್ಟೆ, ನೀನು ಬದುಕಿರುವುದು ನನ್ನಿಂದ ಅಲ್ಲ.

ಅವಳು ತನ್ನ ಅಂಗೈ ನೋಡಿಕೊಂಡಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಬೆಳಿಗ್ಗಿಂದ ಎಂಟತ್ತು ದಪ ಮುಟ್ಟಿವ್ನಿ. ಒಂದೊಂದ್ಸಲ ಜೋರಾಗೇ ಹೊಡೀತು. ಡೇಂಜರ್ ಆಗಿದ್ರೆ ನಮ್ಮಣ್ಣ ಮುಟ್ಟು ಅಂತಿದ್ನಾ ಅಂದ್ಕಂಡು ಮುಟ್ತಾನೇ ಇದ್ದೆ."

ನಾನು ಕೆಲಸಕ್ಕೆ ಹತ್ತಿದೆ. ನಿನ್ನೆ ಮಾಡಬೇಕಿದ್ದುದನ್ನು ಆಗ ಮಾಡಿದೆ. ಹೊಸೆದ ತಂತಿಗಳನ್ನು ಬಿಚ್ಚಿ ಟ್ರಿಪ್ಪರನ್ನು ಮತ್ತೆ ಲೈನಿಗೆ ಸೇರಿಸಿದೆ. ಆಮೇಲೆ ಪೆಟ್ಟಿಗೆಯ ಒಳಗಿನ ಒಂದೊಂದೇ ಭಾಗದ ವೈರು ಕಳಚಿ ನೋಡುತ್ತಾ ಹೋದೆ. ಫ್ಯಾನು ಕಳಚಿದೆ, ಟ್ರಿಪ್ಪರ್ ಬಿತ್ತು. ಸ್ಕ್ರೂ ಮೋಟರು ಕಳಚಿದೆ, ಆಗಲೂ ಬಿತ್ತು. ಬೆಂಕಿ ಹತ್ತಿಸುವ ರಾಡು ಕಳಚಿದೆ, ನಿಂತಿತು. ರಾಡನ್ನು ಹೊರಗೆಳೆದು ನೋಡಿದರೆ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು, ಸುತ್ತ ನೀರು ಕುಡಿದು ಉಬ್ಬಿದ ಹೊಟ್ಟು ಮೆತ್ತಿಕೊಂಡಿತ್ತು. ಕಬ್ಬಿಣದ ಕಾಲಿನಿಂದ ಒದ್ದೆ ನೆಲಕ್ಕೆ ಇಳಿಯುತ್ತಿದ್ದ ಅಷ್ಟಿಷ್ಟು ಕರೆಂಟಿಗೇ ಟ್ರಿಪ್ಪರ್ ಬೀಳುತ್ತಿತ್ತು, ಅರ್ತ್ ತಂತಿ ಸರಿಯಿದ್ದಿದ್ದರೆ ಉಳಿದದ್ದೂ ನೆಲಕ್ಕೇ ಹೋಗಬೇಕಿತ್ತು. ಹಿಂದುಗಡೆ ಹೋಗಿ ತೆಂಗಿನ ಗರಿಗಳನ್ನು ಸರಿಸಿದೆ. ಅರ್ತ್ ತಂತಿ ತುಕ್ಕು ತಿಂದು, ಅರ್ತಿಗೆಂದು ನೆಲದಲ್ಲಿ ಹೂತ ಪೈಪಿನಿಂದ ಗೇಣುದ್ದ ದೂರದಲ್ಲಿ ಬಿದ್ದಿತ್ತು. ಶುಕ್ರವಾರ ಆ ಗರಿಗಳ ಪಕ್ಕದಲ್ಲೇ ನಿಂತು ನಾನು ಕಾಫಿ ಕುಡಿದಿದ್ದೆ.

ಹೊಸ ತಂತಿ ಬಿಗಿದೆ. ಪೈಪಿನ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಸುರಿದೆ. ಹೊಸ ರಾಡು ತರಿಸಲು ವಾರವಾದರೂ ಬೇಕು, ಆದರೆ ಅದಿಲ್ಲದೆಯೂ ಪೆಟ್ಟಿಗೆ ಉರಿಯುತ್ತದೆ. ತುಂಡುಗಳ ಮೇಲೆ ಒಂದು ಬಿಲ್ಲೆ ಕರ್ಪೂರವಿಟ್ಟು ಕೈಯಲ್ಲೇ ಕಡ್ಡಿ ಗೀರಿದರೆ ಆಯಿತು, ಮುಂದಿನದನ್ನು ಫ್ಯಾನು ನೋಡಿಕೊಳ್ಳುತ್ತದೆ. ಅರ್ಧ ಬೆಂದ ಕೋಳಿಗಳನ್ನು ತಂಗಿ ಅಷ್ಟರಲ್ಲಿ ಕೆಂಡಕ್ಕೆ ಹಾಕಿ ಬೇಯಿಸಿಕೊಂಡಳು. ಭಾನುವಾರದ ಕೋಳಿಗಳಿಗೆ ಮಸಾಲೆ ಹಚ್ಚಿಟ್ಟಿದ್ದಳು, ಅವನ್ನು ಒಳಗಿಡುವ ಹೊತ್ತೂ ಆಗಿತ್ತು.

ಸ್ವಿಚ್ಚು ಹಾಕಿದೆ. ಟ್ರಿಪ್ಪರ್ ಬೀಳಲಿಲ್ಲ. ಬೆಂಕಿ ಹತ್ತಿತು, ಹೊಗೆ ಎದ್ದಿತು. ಪೆಟ್ಟಿಗೆಯ ಮೈಗೆಲ್ಲ ಟೆಸ್ಟರ್ ಇಟ್ಟು ನೋಡಿದೆ, ಎಲ್ಲೂ ಹೊತ್ತಲಿಲ್ಲ. ಆಮೇಲೆ ಶೂ ಬಿಚ್ಚಿ, ಬರಿಗಾಲಲ್ಲಿ ಕೆಸರಿಗಿಳಿದು, ಒದ್ದೆ ಕೈಯಲ್ಲಿ ಮುಚ್ಚಳದ ಹಿಡಿ ಹಿಡಿದೆ. ಏನೂ ಆಗಲಿಲ್ಲ. ಇನ್ನು ಕೋಳಿ ತಾರವ್ವ ಎಂದು ಅವಳನ್ನು ಕರೆದೆ.

ಅವಳು ತಟ್ಟೆ ಎತ್ತಿಕೊಂಡು ಬಂದಳು. ಹಿಡಿಯ ಕಡೆ ಕೈ ಚಾಚಿದಳು. ಚಿಕ್ಕಂದಿನಿಂದ ನಾನು ಮರ ಹತ್ತು ಎಂದರೆ ಹತ್ತಿದವಳು, ಬಾವಿಗೆ ಇಳಿ ಎಂದರೆ ಇಳಿದವಳು. ಅವಳ ಕೈ ಹಿಡಿಗೆ ಇನ್ನೊಂದು ಗೇಣು ಇರುವಾಗ ನಿಂತಿತು. ಕೈ ಹಿಂದಕ್ಕೆ ತೆಗೆದುಕೊಂಡಳು.

"ನನ್ ಕಣ್ಣೆದ್ರಿಗೆ ಟೆಸ್ಟರ್ ಇಟ್ಟು ತೋರ್ಸಣ್ಣ," ಎಂದಳು.

ಇಟ್ಟು ತೋರಿಸಿದೆ. ಅವಳು ಬಗ್ಗಿ, ಅದರ ಪುಟ್ಟ ದೀಪವನ್ನೇ ನೋಡಿದಳು. ಇನ್ನೊಂದು ಸಲ ಎಂದಳು. ಇನ್ನೊಂದು ಸಲ ತೋರಿಸಿದೆ.